ಆರರ ಪಕ್ಕದ ನಾನೂರ ಹದಿನೇಳು

ಮನೆ ನಂಬರು ನಾನೂರ ಹದಿನೇಳು ಎಂದರೆ ಆಂಬುಲೆನ್ಸ್ ಗುಡ್ಡಕ್ಕೆ ಹೋಗುತ್ತದೆ. ನಾವಿರುವುದು ಗುಡ್ಡದಲ್ಲಲ್ಲ, ಹಳೇ ಪೇಟೆಯಲ್ಲಿ. ಹಾಲು ಕಾಯಿಸುವಾಗ, ಬಟ್ಟೆ ಒಣಹಾಕುವಾಗ, ಮಗಳು ಮಲಗಿದ ಮೇಲೆ ಅವಳ ಮೂಗಿನ ಬಳಿ ಬೆರಳು ಹಿಡಿದು ಉಸಿರು ಆಡುತ್ತಿದೆಯೇ ಎಂದು ನೋಡುವಾಗ, ಇದೊಂದೇ ಯೋಚನೆ ನನ್ನ ತಲೆ ತಿನ್ನುತ್ತಿರುತ್ತದೆ. ಫೋನಿನಲ್ಲಿ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ: "ನಾನೂರ ಹದಿನೇಳು, ಆದ್ರೆ ಗುಡ್ಡ ಅಲ್ಲ, ಹಳೇ ಪೇಟೆ, ಆರರ ಪಕ್ಕ." ಗಡಿಯಾರ ನೋಡಿಕೊಂಡು ಹೇಳಿದ್ದೇನೆ, ಆರು ಸೆಕೆಂಡು ಬೇಕು. ಅಲ್ಲಿ ಫೋನ್ ಎತ್ತುವವಳು ನಂಬರು ಕೇಳಿದ ಮೂರನೇ ಸೆಕೆಂಡಿಗೆ ಇಟ್ಟುಬಿಡುತ್ತಾಳೆ. ಮೊಬೈಲಿನ ನಕ್ಷೆಯನ್ನಾದರೂ ನಂಬೋಣವೆಂದರೆ ಅದು ಪುರಸಭೆಯ ಪುಸ್ತಕವನ್ನೇ ನಂಬಿ ಕೂತಿದೆ. ಅದರ ಪ್ರಕಾರ ನಾನು, ನನ್ನ ಎಂಟು ತಿಂಗಳ ಮಗಳು, ಅವಳ ತೊಟ್ಟಿಲು ಎಲ್ಲವೂ ಗುಡ್ಡದ ಮೇಲೆ ಒಂದು ಟೈರ್ ಅಂಗಡಿಯ ಹಿಂದೆ ಇದ್ದೇವೆ.

"ಚಿಂತೆ ಮಾಡೋಕೆ ನಿಂಗೆ ಬೇರೇನೂ ಸಿಗ್ಲಿಲ್ವಾ?" ಎಂದು ಗಂಡ ಕೇಳುತ್ತಾನೆ.

"ಸಿಕ್ಕಿವೆ. ಇದು ಮೊದಲನೇದು."

ಅವನು ಸೇತುವೆ ಕಟ್ಟುವ ಕಂಪನಿಯಲ್ಲಿ ಕ್ರೇನ್ ನಡೆಸುತ್ತಾನೆ. ಯುದ್ಧದಲ್ಲಿ ಉಡಾಯಿಸಿದ ಸೇತುವೆಗಳನ್ನು ಐವತ್ತೆಂಟು ವರ್ಷ ಕಳೆದರೂ ಕಟ್ಟಿ ಮುಗಿಸಿಲ್ಲ, ಆದ್ದರಿಂದ ನಮಗೆ ಅನ್ನಕ್ಕೆ ಕೊರತೆಯಿಲ್ಲ. ಮೂರು ವಾರಕ್ಕೊಮ್ಮೆ ಬರುತ್ತಾನೆ, ಎರಡು ದಿನ ಇರುತ್ತಾನೆ. ಅದರಲ್ಲಿ ಒಂದು ದಿನ ನಿದ್ದೆ. ಉಳಿದ ಹತ್ತೊಂಬತ್ತು ದಿನ ಈ ಮೂರು ಕೋಣೆಗಳಲ್ಲಿ ಮಾತಾಡುವವಳು ನಾನೊಬ್ಬಳೇ. ಮಗಳು ಕೇಳುತ್ತಾಳೆ, ಉತ್ತರವಾಗಿ ಜೊಲ್ಲು ಸುರಿಸುತ್ತಾಳೆ. ಕೆಲವು ದಿನ ಸಂಜೆಯ ಹೊತ್ತಿಗೆ ನನ್ನ ಗಂಟಲಿನ ದನಿ ನನಗೇ ಯಾರದೋ ಅನ್ನಿಸುತ್ತದೆ.

ಈ ಮನೆಗೆ ಬಂದ ಮೊದಲ ದಿನ ಬೀದಿಯ ನಂಬರುಗಳನ್ನು ನೋಡಿ ನಾನು ನಕ್ಕಿದ್ದೆ. ಐವತ್ತೆರಡು, ಆರು, ನಾನೂರ ಹದಿನೇಳು, ಹತ್ತೊಂಬತ್ತು, ಎಂಬತ್ತೆಂಟು. ಎಲ್ಲ ಬಾಗಿಲಿನ ಎಡಗಡೆ, ಎದೆಯ ಮಟ್ಟದಲ್ಲಿ, ಬಿಳಿ ಬಣ್ಣದ ಅಂಕಿಗಳು. ಬೀದಿಗೆ ಹೆಸರಿನ ಬೋರ್ಡೇ ಇಲ್ಲ. ಯುದ್ಧ ಶುರುವಾದಾಗ ಶತ್ರುವಿಗೆ ದಾರಿ ತಪ್ಪಲಿ ಎಂದು ಊರಿನ ಬೋರ್ಡುಗಳನ್ನೆಲ್ಲ ಕಿತ್ತರಂತೆ, ಮನೆ ನಂಬರುಗಳನ್ನು ಕೆರೆದು ಹಾಕಿದರಂತೆ, ಪುರಸಭೆಯ ಪುಸ್ತಕಗಳನ್ನು ಅಂಗಳದಲ್ಲಿ ರಾಶಿ ಹಾಕಿ ಸುಟ್ಟರಂತೆ. ಆಮೇಲೆ ಜನರೂ ಊರು ಬಿಟ್ಟರು. ಯುದ್ಧ ಮುಗಿದು ಜನ ಹಿಂದಿರುಗತೊಡಗಿದಾಗ ಯಾರ ಮನೆ ಎಲ್ಲಿ, ಯಾರಿದ್ದಾರೆ, ಯಾರಿಲ್ಲ ಎನ್ನುವುದಕ್ಕೆ ಒಂದು ಚೂರು ಕಾಗದವಿರಲಿಲ್ಲ. ಆಗ ಪುರಸಭೆ ಒಂದು ಸುಲಭದ ದಾರಿ ಕಂಡುಕೊಂಡಿತು. ಮೊದಲು ಮರಳಿದ ಮನೆಗೆ ಒಂದು, ಎರಡನೆಯದಕ್ಕೆ ಎರಡು. ಹಳೇ ಪೇಟೆಯಲ್ಲಿ ಹೂತಿಟ್ಟ ಬಾಂಬುಗಳನ್ನು ಮೊದಲು ತೆಗೆದದ್ದರಿಂದ ನೂರರೊಳಗಿನವೆಲ್ಲ ಇಲ್ಲೇ ಬಂದವು. ಗುಡ್ಡದ ಕಡೆ ತೆಗೆಯುವಷ್ಟರಲ್ಲಿ ನಾನೂರು ದಾಟಿತ್ತು.

ಹಾಗಿದ್ದರೆ ಹಳೇ ಪೇಟೆಯ ನಟ್ಟನಡುವೆ ನಮ್ಮ ಮನೆಗೇಕೆ ನಾನೂರ ಹದಿನೇಳು? ಕೇಳಿದಾಗ ಎದುರು ಮನೆಯ ದರ್ಜಿ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಹೇಳಿದ: "ಅದನ್ನ ಪಕ್ಕದ ಮನೇಲಿ ಕೇಳಮ್ಮ. ಬರೆದ ಕೈ ಅಲ್ಲೇ ಇದೆ."

ಬರೆದ ಕೈ ನಂಬರಕ್ಕನದು. ಆರನೇ ಮನೆಯವಳು, ಎಂಬತ್ತು ವರ್ಷ. ಗಿಡ್ಡ ಮೈ, ಕತ್ತರಿಸಿದ ಬಿಳಿ ಕೂದಲು, ಎರಡು ಜೇಬಿನ ಹಳೇ ಖಾಕಿ ಕೋಟು. ಪುರಸಭೆಯಿಂದ ನಿವೃತ್ತಳಾಗಿ ಇಪ್ಪತ್ತು ವರ್ಷವಾದರೂ ಬೆಳಿಗ್ಗೆ ಎಂಟಕ್ಕೆ ಕೋಟು ತೊಟ್ಟು ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಾಳೆ. ಮದುವೆಯಾಗಲಿಲ್ಲ. "ಮಾಡ್ಕೊಳ್ಳೋಣ ಅಂತಿದ್ದೆ. ಅಷ್ಟರಲ್ಲಿ ಆರುನೂರು ಮನೆ ಬಾಕಿ ಇತ್ತು" ಎನ್ನುತ್ತಾಳೆ. ದರ್ಜಿಯ ಮೊಮ್ಮಗಳಿಗೂ ಅವಳು ಅಕ್ಕ, ದರ್ಜಿಗೂ ಅಕ್ಕ. ಅಂಚೆಯವಳು, ಗ್ಯಾಸಿನವನು, ಮದುವೆ ಕಾಗದ ಹಂಚುವವರು ಎಲ್ಲರೂ ದಾರಿ ತಪ್ಪಿದಾಗ ಅವಳ ಮೆಟ್ಟಿಲಿಗೆ ಬರುತ್ತಾರೆ.

"ಅಕ್ಕಾ, ಮುನ್ನೂರ ನಾಲ್ಕು?"

"ಒಣ ಬಾವಿ ದಾಟಿ ಮೂರನೇದು. ಹಸಿರು ಬಾಗಿಲು. ನಾಯಿ ಇದೆ, ಆದ್ರೆ ಅದಕ್ಕೂ ವಯಸ್ಸಾಗಿದೆ, ಹೆದರ್ಬೇಡ."

ಏಳು ಜನ ಸೇರಿ ಬರೆದ ನಂಬರುಗಳವು. ಆರು ಜನ ತೀರಿಕೊಂಡರು. ಹೀಗಾಗಿ ಈ ಊರಿನ ನಕ್ಷೆ ಎಂದರೆ ಮೆಟ್ಟಿಲ ಮೇಲೆ ಕೂತ ಈ ಒಂದು ತಲೆ.

ನಾನು ಅವಳಿಗೆ ಎಷ್ಟು ಋಣಿ ಎನ್ನುವುದು ತಿಳಿದದ್ದು ಮಗಳಿಗೆ ನಾಲ್ಕು ತಿಂಗಳಾಗಿದ್ದಾಗ. ಬೆಳಿಗ್ಗೆ ಹನ್ನೊಂದು ಗಂಟೆ. ಜ್ವರದಲ್ಲಿದ್ದ ಮಗು ಇದ್ದಕ್ಕಿದ್ದಂತೆ ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದು ಅದುರತೊಡಗಿತು. ಆಂಬುಲೆನ್ಸಿಗೆ ಫೋನ್ ಮಾಡಿ ನಂಬರು ಹೇಳಿದೆ. ಹದಿನೈದು ನಿಮಿಷವಾದ ಮೇಲೆ ಚಾಲಕನೇ ಫೋನ್ ಮಾಡಿದ. "ಎಲ್ಲಮ್ಮಾ ಇದೀರಾ? ಇಲ್ಲಿ ಟೈರ್ ಅಂಗಡಿ ಬಿಟ್ರೆ ಏನೂ ಇಲ್ಲ." ಮಗುವನ್ನು ಎದೆಗವಚಿಕೊಂಡು ಬೀದಿಗೆ ಓಡಿದೆ. ನಂಬರಕ್ಕ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಏಯ್, ನಾನು ಕಣೋ ನಂಬರಕ್ಕ. ಆರರ ಪಕ್ಕ ಬಾ. ಗುಡ್ಡ ಇಳಿದು ಎಡಕ್ಕೆ, ಶಾಲೆ ಹಿಂದಿಂದ. ಮಾರ್ಕೆಟ್ ಕಡೆ ತಿರುಗಿದ್ಯೋ, ನಿನ್ನ ಕಿವಿ ಹಿಂಡ್ತೀನಿ."

ಗಾಡಿ ಬಂದಾಗ ಇಪ್ಪತ್ತಾರು ನಿಮಿಷವಾಗಿತ್ತು. ಮಗು ಉಳಿಯಿತು. ಜ್ವರ ಏರಿದಾಗ ಕೆಲವು ಮಕ್ಕಳಿಗೆ ಹೀಗಾಗುತ್ತದೆ, ಭಯಪಡಬೇಡಿ ಎಂದರು ಡಾಕ್ಟರು. ಭಯಪಡಬೇಡಿ ಎನ್ನುವ ಮಾತು ನನ್ನ ಮೇಲೆ ಎಂದೂ ಕೆಲಸ ಮಾಡಿದ್ದಿಲ್ಲ. ಇಪ್ಪತ್ತಾರು ನಿಮಿಷದಲ್ಲಿ ಏನೇನಾಗಬಹುದಿತ್ತು ಎಂದು ನಾನು ನಾಲ್ಕು ತಿಂಗಳಿಂದ ಯೋಚಿಸುತ್ತಲೇ ಇದ್ದೇನೆ.

ಆ ದಿನದ ನಂತರ ನಂಬರಕ್ಕನ ಜೊತೆ ಕೂರುವುದು ರೂಢಿಯಾಯಿತು. ಮಗಳು ಅವಳ ಕೋಟಿನ ಗುಂಡಿ ಚೀಪುತ್ತಿರುತ್ತಾಳೆ, ಅವಳು ಮಾತಾಡುತ್ತಿರುತ್ತಾಳೆ. ಹೀಗೆ ಬಿಡಿಬಿಡಿಯಾಗಿ ಕೇಳಿದ್ದನ್ನು ನಾನು ಜೋಡಿಸಿಕೊಂಡಿದ್ದೇನೆ.

ಇಪ್ಪತ್ತೆರಡರ ವಯಸ್ಸಿನಲ್ಲಿ ಅವಳ ಕೈಗೆ ಒಂದು ಡಬ್ಬಿ ಬಿಳಿ ಬಣ್ಣ, ಎರಡು ಬ್ರಷ್ಷು ಕೊಟ್ಟು ಬೀದಿಗೆ ಬಿಟ್ಟರು. ಜನ ಮರಳಿದ್ದಾರೆ ಎಂದು ತಿಳಿಯುವುದು ಹೇಗೆ? ಬಾಗಿಲು ತಟ್ಟಿದರೆ ಯಾರೂ ತೆರೆಯುತ್ತಿರಲಿಲ್ಲ, ಬಾಗಿಲು ತಟ್ಟುವವರನ್ನು ಎರಡು ವರ್ಷ ಕಂಡಿದ್ದ ಜನ. ಖಾಲಿ ಮನೆಗಳಿಗೆ ನುಗ್ಗಿ ನಂದೇ ಮನೆ ಎನ್ನುವವರೂ ಇದ್ದರು. ಅದಕ್ಕೆ ಮಾಡಿದ ನಿಯಮ ಹೊಗೆಯದು. ಬೆಳಕು ಹರಿದ ಮೇಲೆ ಬೀದಿಯಲ್ಲಿ ನಡೆಯಬೇಕು, ಚಿಮಣಿ ನೋಡಬೇಕು. ಹೊಗೆ ಎದ್ದರೆ ನಿಂತು ನೂರರವರೆಗೆ ಎಣಿಸಬೇಕು. ಅಷ್ಟು ಹೊತ್ತು ಹೊಗೆ ನಿಂತರೆ ಅಲ್ಲಿ ಒಲೆಯಿದೆ, ಒಲೆ ಹಚ್ಚುವ ಧೈರ್ಯವಿದೆ, ಅಂದರೆ ಸಂಸಾರ ಮರಳಿದೆ. ನಂಬರು ಬರೆ. ಮಧ್ಯದಲ್ಲಿ ಆರಿದರೆ ಮುಂದೆ ಹೋಗು.

"ನಗು ಬರುತ್ತೆ ಅಲ್ವಾ? ಆದ್ರೆ ಸರ್ಕಾರ ಅನ್ನೋದು ಶುರುವಾಗಿದ್ದೇ ಹಾಗೆ ಕಣೇ. ಹೊಗೆ ಎಣಿಸ್ಕೊಂಡು" ಎಂದಿದ್ದಳು.

ಆ ನಂಬರು ಬರೀ ಗುರುತಿಗೆಂದು ಇತ್ತು. ಆದರೆ ಕೊಳಾಯಿ ಹಾಕಲು ಪಟ್ಟಿ ಬೇಕಾದಾಗ ಪುರಸಭೆಯ ಕೈಯಲ್ಲಿದ್ದದ್ದು ಅದೊಂದೇ ಪಟ್ಟಿ. ಮೊದಲ ವರ್ಷ ನೂರರವರೆಗೆ ನೀರು, ಐದನೇ ವರ್ಷ ನಾನೂರರವರೆಗೆ. ಅಲ್ಲಿಗೆ ಪೈಪು ಮುಗಿಯಿತು. ನಾನೂರ ಒಂದರಿಂದ ಮುಂದಿನವರಿಗೆ ನೀರು ಬಂದದ್ದು ಇಪ್ಪತ್ತೊಂದನೇ ವರ್ಷದಲ್ಲಿ. ದೀಪ ಹೀಗೇ, ಶಾಲೆಯೂ ಹೀಗೇ. ಮೊದಲ ಶಾಲೆ ಹಳೇ ಪೇಟೆಯಲ್ಲಿ ಆಯಿತು, ಅಲ್ಲಿ ಓದಿದವರು ಪುರಸಭೆಯ ಗುಮಾಸ್ತರಾದರು. ಆ ಗುಮಾಸ್ತರು ಎರಡನೇ ಶಾಲೆಗೆ ಜಾಗ ಹುಡುಕುವಾಗ ತಮ್ಮ ಕಿಟಕಿಯಿಂದ ಕಾಣುವ ಜಾಗವನ್ನೇ ಕಂಡರು. ಗುಡ್ಡದವರು ಇಂದಿಗೂ ಗಾರೆ ಕಲಸುತ್ತಾರೆ, ಮೂಟೆ ಹೊರುತ್ತಾರೆ, ನನ್ನ ಗಂಡನ ಕ್ರೇನಿನ ಕೆಳಗೆ ಕಬ್ಬಿಣ ಕಟ್ಟುತ್ತಾರೆ. ಅವರ ಅಜ್ಜಂದಿರು ಆರು ತಿಂಗಳು ತಡವಾಗಿ ಮನೆಗೆ ಬಂದಿದ್ದರು, ಅಷ್ಟೇ. ನಾನು ನಗರದ ಶಾಲೆಯಲ್ಲಿ 'ಯುದ್ಧದ ಪರಿಣಾಮಗಳನ್ನು ಬರೆಯಿರಿ' ಎಂಬ ಪ್ರಶ್ನೆಗೆ ಐದು ಅಂಕದ ಉತ್ತರ ಬರೆದವಳು. ಗಡಿ, ಒಪ್ಪಂದ, ಸತ್ತವರ ಸಂಖ್ಯೆ. ನಲ್ಲಿಯಲ್ಲಿ ನೀರು ಎಷ್ಟು ದಪ್ಪಗೆ ಬರುತ್ತದೆ ಎನ್ನುವುದೂ ಪರಿಣಾಮ ಎಂದು ಯಾವ ಮೇಷ್ಟರೂ ಹೇಳಿಕೊಡಲಿಲ್ಲ.

ನಮ್ಮ ನಲ್ಲಿಗೆ ನೀರು ಬರುವುದು ವಾರಕ್ಕೆ ಎರಡು ದಿನ. ಬೀದಿಯ ಪೈಪು ನಮ್ಮ ಹೊಸ್ತಿಲ ಮುಂದೆಯೇ ಹಾದುಹೋಗಿದ್ದರೂ, ನಂಬರಿನ ಪ್ರಕಾರ ನಮಗೆ ಗುಡ್ಡದ ಸರದಿ. ಅದಕ್ಕೆಂದೇ ಅಲ್ಲಿಂದ ಬೇರೆ ಪೈಪು ಎಳೆದು ತಂದಿದ್ದಾರೆ. ಉಳಿದ ದಿನ ನಂಬರಕ್ಕ ಹಿತ್ತಿಲ ಗೋಡೆಯ ಮೇಲಿಂದ ತನ್ನ ನಲ್ಲಿಯ ರಬ್ಬರ್ ಪೈಪನ್ನು ನನಗೆ ದಾಟಿಸುತ್ತಾಳೆ. ಮಗುವಿನ ಬಟ್ಟೆಗೆ ಅದೇ ಗತಿ. ಗೋಡೆಯ ನೆತ್ತಿಯಲ್ಲಿ, ಪೈಪು ಕೂರುವ ಕಡೆ, ಹೆಬ್ಬೆರಳು ಹಿಡಿಸುವಷ್ಟು ಆಳದ ಒಂದು ಗೀರು ಬಿದ್ದಿದೆ. ಬಂದ ಹೊಸದರಲ್ಲಿ ನಾನು ಕೇಳಿದೆ, "ಮುಂಚೆ ಇದ್ದೋರಿಗೂ ಹೀಗೇ ನೀರು ಕೊಡ್ತಿದ್ರಾ?"

"ಕೊಡ್ತಿದ್ದೆ. ತಗೋತಿರ್ಲಿಲ್ಲ" ಎಂದಳು.

ಉಳಿದದ್ದನ್ನು ಹೇಳಿದವನು ದರ್ಜಿ. ನಾನೂರ ಹದಿನೇಳು ನಂಬರಕ್ಕನ ತಮ್ಮನ ಮನೆ. ಅಪ್ಪ ಇಬ್ಬರಿಗೂ ಒಂದೊಂದು ಎಂದು ಅಕ್ಕಪಕ್ಕ ಕಟ್ಟಿಸಿದ್ದು. ತಮ್ಮ ಇಪ್ಪತ್ತರ ಹುಡುಗ, ಯುದ್ಧದ ಎರಡು ವರ್ಷ ಯಾವುದೋ ನೆಲಮಾಳಿಗೆಯಲ್ಲಿ ಅಡಗಿದ್ದು ಬದುಕಿ ಬಂದವನು. ಅವನು ಮರಳಿದಾಗ ಮೂವತ್ತೋ ಮೂವತ್ತೊಂದೋ ನಂಬರು ನಡೆಯುತ್ತಿತ್ತು. ಆದರೆ ಹಗಲು ಒಲೆ ಹಚ್ಚಲು ಅವನಿಗೆ ಹೆದರಿಕೆ, ಹೊಗೆ ಕಂಡ ಕಡೆ ಗುಂಡು ಬೀಳುತ್ತಿದ್ದ ಕಾಲವನ್ನು ಮೈ ಮರೆತಿರಲಿಲ್ಲ. ಅಕ್ಕ ದಿನಾ ಮನೆ ಮುಂದೆ ನಡೆದುಹೋದಳು, ಹೊಗೆ ಇಲ್ಲ, ನಂಬರಿಲ್ಲ. ಐದು ತಿಂಗಳ ನಂತರ ಚಳಿ ತಡೆಯಲಾರದೆ ಹಚ್ಚಿದಾಗ ನಾನೂರ ಹದಿನೇಳು. ನೀರು ಹದಿನೇಳು ಮನೆ ಹಿಂದೆ ನಿಂತಿತು. ಅವನಿಗೆ ಮದುವೆಯಾಯಿತು. ಹೆಂಡತಿ ಹತ್ತೊಂಬತ್ತು ವರ್ಷ ಕೈಪಂಪಿನಿಂದ ನೀರು ಹೊತ್ತಳು. ಪಕ್ಕದ ಹಿತ್ತಿಲಲ್ಲಿ ಅಕ್ಕನ ನಲ್ಲಿ ಭೋರೆನ್ನುತ್ತಿತ್ತು. ಅಕ್ಕ ದಿನಾ ಬೆಳಿಗ್ಗೆ ಗೋಡೆಯ ಮೇಲೆ ಪೈಪು ಇಡುತ್ತಿದ್ದಳು, ತಮ್ಮ ಮರುಮಾತಿಲ್ಲದೆ ಹಿಂದಕ್ಕೆ ತಳ್ಳುತ್ತಿದ್ದ. ಆ ಗೀರು ಹಾಗೆ ಬಿದ್ದದ್ದು. ಹೆಂಡತಿ ತೀರಿಕೊಂಡ ಮೇಲೆ, ಹನ್ನೊಂದು ವರ್ಷದ ಹಿಂದೆ, ಅವನು ಮಗಳ ಊರಿಗೆ ಹೋದ. ಅಕ್ಕ ತಮ್ಮ ಮಾತಾಡಿ ಐವತ್ತೆಂಟು ವರ್ಷ.

ನಮ್ಮ ಮನೆಯ ಮಾಲೀಕ ಅವನೇ. ಬಾಡಿಗೆ ಮಾತನ್ನೆಲ್ಲ ಫೋನಿನಲ್ಲಿ ಆಡಿದ್ದು ನನ್ನ ಗಂಡ. "ಕೀ ಪಕ್ಕದ ಮನೆಯವರ ಹತ್ರ ಇದೆ" ಎಂದಿದ್ದರಂತೆ. ಪಕ್ಕದ ಮನೆಯವರು, ಅಷ್ಟೇ.

ಹೋದ ತಿಂಗಳು ಒಂದು ಮಧ್ಯಾಹ್ನ ಗಾಜು ಹಾಕುವವನು ಬಂದು ನಂಬರಕ್ಕನನ್ನು ಕೇಳಿದ, "ಅಕ್ಕಾ, ಎಂಬತ್ತೆಂಟು?"

"ಒಣ ಬಾವಿ ದಾಟಿ ಮೂರನೇದು. ಹಸಿರು ಬಾಗಿಲು."

ಎಂಬತ್ತೆಂಟು ನಮ್ಮ ಬೀದಿಯಲ್ಲೇ, ಅವಳ ಮೆಟ್ಟಿಲಿಂದ ಮೂರು ಮನೆಯಾಚೆ, ಕಣ್ಣಿಗೆ ಕಾಣುವಂತೆ ಇದೆ. ಗಾಜಿನವನು ತಲೆಯಾಡಿಸಿ ಹೊರಟೇಬಿಟ್ಟ. ನಾನು ಅವನ ಹಿಂದೆ ಓಡಿ ಹೇಳಿ ಬಂದೆ. ಹಿಂದಿರುಗಿದಾಗ ನಂಬರಕ್ಕ ತನ್ನ ಎರಡು ಕೈಗಳನ್ನು ತೊಡೆಯ ಮೇಲಿಟ್ಟು ನೋಡುತ್ತಿದ್ದಳು. ತಪ್ಪು ಅವಳಿಗೂ ಗೊತ್ತಾಗಿತ್ತು. "ಬಿಸಿಲು ಜಾಸ್ತಿ ಇವತ್ತು" ಎಂದಳು. ಮೋಡ ಕವಿದಿತ್ತು.

ಆಮೇಲೆ ಇನ್ನೂ ಎರಡು ಸಲ ಹಾಗಾಯಿತು. ನನ್ನ ಪಾಲಿಗೆ ಊರಿನ ದೀಪವೇ ಆರಿದಂತಾಯಿತು. ನಾಳೆ ಮಗಳಿಗೆ ಮತ್ತೆ ಜ್ವರ ಬಂದರೆ, ಚಾಲಕ ಫೋನ್ ಮಾಡಿದರೆ, ಇವಳು ಎಲ್ಲಿಗೆ ಕಳಿಸುತ್ತಾಳೋ! ಮಗಳನ್ನು ಎತ್ತಿಕೊಂಡು ಪುರಸಭೆಗೆ ಹೋದೆ.

ನಂಬರು ತಿದ್ದುವ ವಿಭಾಗ ಮಹಡಿಯ ಕೊನೆಯಲ್ಲಿತ್ತು. ಕನ್ನಡಕದ ಗುಮಾಸ್ತ ನನ್ನ ಮಾತನ್ನು ತಾಳ್ಮೆಯಿಂದ ಕೇಳಿದ. "ತಿದ್ದಬಹುದು. ಎರಡು ಕಾಗದ ಬೇಕು. ಮನೆ ಯಜಮಾನರ ಅರ್ಜಿ, ನಂಬರು ಬರೆದವರ ಹೇಳಿಕೆ. ಬರೆಯುವಾಗ ತಪ್ಪಾಗಿದೆ ಅಂತ ಅವರೇ ಹೇಳ್ಬೇಕು."

"ಬರೆದವರು ತೀರಿಹೋಗಿದ್ರೆ?"

"ಹಾಗಾದ್ರೆ ತಪ್ಪಾಗಿಲ್ಲ ಅಂತ ಅರ್ಥ." ಅವನು ಕನ್ನಡಕ ಒರೆಸಿಕೊಂಡ. "ನಿಮ್ಮ ಅದೃಷ್ಟ, ಒಬ್ರು ಉಳಿದಿದ್ದಾರೆ. ಬೇಗ ಮಾಡಿ."

ನಾನು ಆ ಸಂಜೆಯೇ ಕೇಳಿದೆ. ನಂಬರಕ್ಕ ಮುಖ ಗಂಟಿಕ್ಕಿದಳು. ಮೊದಲ ಸಲ ನನ್ನನ್ನು 'ನೀವು' ಎಂದಳು.

"ನೋಡಿ, ನಾನು ಎರಡು ಸಾವಿರದ ಮುನ್ನೂರು ಮನೆಗೆ ನಂಬರ್ ಬರೆದಿದ್ದೀನಿ. ಒಂದೂ ತಪ್ಪಿಲ್ಲ. ಹೊಗೆ ಬರ್ಲಿಲ್ಲ, ಬರೀಲಿಲ್ಲ. ಅವ್ನು ನನ್ನ ತಮ್ಮ ಅಂತ ನಿಯಮ ಬದಲಾಗುತ್ತಾ?"

"ಮಗೂಗೋಸ್ಕರ ಕೇಳ್ತಿದ್ದೀನಿ ಅಕ್ಕಾ."

"ಮಗೂಗೇನಾದ್ರೂ ಆದ್ರೆ ನಾನಿದ್ದೀನಲ್ಲ!"

ತಪ್ಪು ದಾರಿಗೆ ಹೊರಟಿದ್ದ ಗಾಜಿನವನು ನನ್ನ ಕಣ್ಣ ಮುಂದೆ ಬಂದ. ಅವಳಿಗೂ ಅದೇ ನೆನಪಾಯಿತೇನೋ, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನ ಗೋಡೆಯ ಮೇಲೆ ಪೈಪು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾನು ಬಕೆಟ್ಟಿನ ತಳದ ನೀರಿನಲ್ಲಿ ಬಟ್ಟೆ ಒಗೆದೆ. ಅಳುವೂ ಬಂತು, ಸಿಟ್ಟೂ ಬಂತು. ಅಮ್ಮನಿಗೆ ಫೋನ್ ಮಾಡಿದರೆ "ಎಲ್ಲ ತಾಯಂದಿರೂ ಹಿಂಗೇ ಕಣೇ, ಸರಿಹೋಗುತ್ತೆ" ಎಂದಳು. ಏನು ಸರಿಹೋಗುತ್ತದೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಮಗಳಿಗೆ ಬ್ರೆಡ್ಡು ಸುಡುವಾಗ ಗ್ಯಾಸ್ ಮುಗಿಯಿತು. ಅಡುಗೆಮನೆಯ ಮೂಲೆಯಲ್ಲಿ ಹಳೇ ಕಟ್ಟಿಗೆ ಒಲೆ ಇದೆ, ನಾವು ಅದರ ಮೇಲೆ ಡಬ್ಬಿಗಳನ್ನು ಜೋಡಿಸಿಟ್ಟಿದ್ದೆವು. ಅವನ್ನು ತೆಗೆದು, ಮುರಿದ ಸ್ಟೂಲಿನ ಕಾಲು, ಹಳೇ ಪತ್ರಿಕೆ ತುರುಕಿ ಹೇಗೋ ಹಚ್ಚಿದೆ. ಕಣ್ಣೆಲ್ಲ ಉರಿ. ಗಾಳಿಗೆಂದು ಬೀದಿ ಕಡೆಯ ಕಿಟಕಿ ತೆರೆದೆ.

ನಂಬರಕ್ಕ ಬೀದಿಯ ನಡುವೆ ನಿಂತಿದ್ದಳು. ಕೋಟು ತೊಟ್ಟು, ಬರಿಗಾಲಲ್ಲಿ, ಕತ್ತು ಮೇಲೆತ್ತಿ ನಮ್ಮ ಚಿಮಣಿ ನೋಡುತ್ತಿದ್ದಳು. ತುಟಿ ಅಲುಗುತ್ತಿತ್ತು.

"ತೊಂಬತ್ತೆಂಟು. ತೊಂಬತ್ತೊಂಬತ್ತು. ನೂರು." ನಿಲ್ಲುತ್ತಾಳೆ ಎಂದುಕೊಂಡೆ. ನಿಲ್ಲಲಿಲ್ಲ. "ನೂರ ಒಂದು. ನೂರ ಎರಡು."

ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಪಕ್ಕದಿಂದ ಹೋದ. ನೂರ ಹತ್ತಕ್ಕೆ ಅವಳು ಬಾಯಿ ಮುಚ್ಚಿದಳು. ಯಾರೋ ಪಕ್ಕದಲ್ಲಿ ನಿಂತಿರುವಂತೆ ಬಲಕ್ಕೆ ತಿರುಗಿ, ತುಂಬ ವಿನಯದಿಂದ ಹೇಳಿದಳು: "ಇಲ್ಲ ಸಾರ್. ನೂರಾಗ್ಲಿಲ್ಲ." ಹೇಳಿ, ತಲೆ ತಗ್ಗಿಸಿಕೊಂಡು ಹತ್ತೊಂಬತ್ತನೇ ಮನೆಯ ಕಡೆ ಹೊರಟಳು.

ನಾನು ಓಡಿಹೋಗಿ ಕೈ ಹಿಡಿದೆ. ಹಿಮದಂತೆ ತಣ್ಣಗಿತ್ತು. "ಅಕ್ಕಾ, ನಾನು. ಬನ್ನಿ ಒಳಗೆ." ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಬರಿಗಾಲುಗಳನ್ನು ನೋಡಿಕೊಂಡಳು.

ಅವಳು ನಾನೂರ ಹದಿನೇಳರ ಒಳಗೆ ಕಾಲಿಟ್ಟದ್ದು ನಾನು ಕಂಡಂತೆ ಅದೇ ಮೊದಲು. ಯಾವಾಗಲೂ ಹೊಸ್ತಿಲಾಚೆಯೇ ನಿಲ್ಲುತ್ತಿದ್ದಳು. ಒಲೆಯ ಮುಂದೆ ಮಣೆ ಹಾಕಿ ಕೂರಿಸಿದೆ, ಚಹಾ ಕೊಟ್ಟೆ. ಮಗಳು ಅಂಬೆಗಾಲಿಟ್ಟು ಬಂದು ಎಂದಿನ ಗುಂಡಿ ಹುಡುಕಿಕೊಂಡಳು.

"ಈಗ ಏನಂದೆ ನಾನು, ಅಲ್ಲಿ?" ಎಂದು ಕೇಳಿದಳು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಲೆಯನ್ನೇ ನೋಡುತ್ತ ಕೂತಳು.

"ಹಿಂದಿನ ರಾತ್ರಿ ನಾನೇ ಬಂದು ಹೇಳಿದ್ದೆ ಅವನಿಗೆ, ಆ ಗೋಡೆ ಆಚೆಯಿಂದ. ನಾಳೆ ಬೆಳಿಗ್ಗೆ ಹಚ್ಚೋ. ಯುದ್ಧ ಮುಗಿದಿದೆ. ಹೊಗೆ ಬಂದ್ರೆ ಯಾರೂ ಬರಲ್ಲ, ನಾನೊಬ್ಳೇ ಬರೋದು. ಹೆದರ್ಬೇಡ, ನಾನಿದ್ದೀನಿ ಅಂದೆ. ಅವ್ನು ಹಲ್ಲು ಕಟಕಟ ಅಂತಿದ್ರೂ ಹೂಂ ಅಂದ. ಬೆಳಿಗ್ಗೆ ಹಚ್ಚಿದ್ದ ಕಣೇ. ಹಸಿ ಕಟ್ಟಿಗೆ, ದಪ್ಪ ಹೊಗೆ. ನೂರಾಯ್ತು. ನೂರ ಹತ್ತಾಯ್ತು. ಬ್ರಷ್ ಅದ್ದಿದ್ದೆ."

"ಮತ್ತೆ?"

"ಮೇಲಿನ ಸಾಹೇಬ್ರು ಅವತ್ತೇ ನೋಡೋಕೆ ಬಂದಿದ್ರು. ಪಕ್ಕದಲ್ಲೇ ನಿಂತು, 'ಇದು ನಿನ್ನ ತಮ್ಮನ ಮನೆ ಅಲ್ವಾ' ಅಂದ್ರು. ಅಷ್ಟೇ ಅಂದಿದ್ದು. ನಕ್ಕೊಂಡೇ ಅಂದ್ರು. ಅದಕ್ಕೆ ಮೂರು ದಿನ ಮುಂಚೆ ಒಬ್ಬನ್ನ ಕೆಲಸದಿಂದ ತೆಗೆದಿದ್ರು, ಮಾವನ ಮನೆಗೆ ಸುಮ್ನೆ ನಂಬರ್ ಕೊಟ್ಟ ಅಂತ. ನೂರಾಗ್ಲಿಲ್ಲ ಸಾರ್ ಅಂದ್ಬಿಟ್ಟೆ." ಅವಳು ಕೋಟಿನ ತುದಿಯಿಂದ ಮಗಳ ಜೊಲ್ಲು ಒರೆಸಿದಳು. "ನಾಳೆ ಬರೆದ್ರಾಯ್ತು ಅಂದ್ಕೊಂಡೆ. ನಾಳೆ ಅವನು ಹಚ್ಲಿಲ್ಲ. ಈ ಕಿಟಕಿ ಸಂದೀಲಿ ನಿಂತು ನೋಡ್ತಿದ್ನಂತೆ, ನಾನು ಹೊರಟುಹೋಗಿದ್ದು. ಹಚ್ಚು ಅಂದವಳೇ ಬೆನ್ನು ತಿರುಗಿಸಿದ್ಲು ಅಂದ್ರೆ ಇನ್ನೂ ಅಪಾಯ ಇದೆ ಅಂತ ತಿಳ್ಕೊಂಡನೋ, ಬೇಕು ಅಂತ ಮಾಡಿದ್ಲು ಅಂತ ತಿಳ್ಕೊಂಡನೋ. ಐದು ತಿಂಗಳು ಹಸಿ ಹಸೀದು ತಿಂದ. ಕೊನೆಗೆ ಬರೆಯೋಕೆ ಬಂದಾಗ ನನ್ನ ಕೈ ನಡುಗಿತ್ತು. ನೋಡು ಬೇಕಾದ್ರೆ, ಏಳರ ಬಾಲ ಸೊಟ್ಟ."

ನಾನು ನೋಡಿದ್ದೆ. ಬೀದಿಯಲ್ಲಿ ಸೊಟ್ಟಗಿರುವ ಅಂಕಿ ಅದೊಂದೇ.

"ಕಾಗದ ತಗೊಂಡು ಬಾ" ಎಂದಳು. "ನನಗೆ ನೆನಪಿರುವಾಗ್ಲೇ ಬರ್ಕೋ."

ಅವಳು ಹೇಳಿದಳು, ನಾನು ಬರೆದೆ. ಮೂರೇ ಸಾಲು. "ಇಂಥ ಮನೆಯಲ್ಲಿ ನಂಬರು ಮೂವತ್ತೊಂದು ನಡೆಯುತ್ತಿದ್ದ ದಿನ ಹೊಗೆ ಎದ್ದದ್ದನ್ನು ನಾನು ಕಣ್ಣಾರೆ ಕಂಡೆ, ನೂರ ಹತ್ತರವರೆಗೆ ಎಣಿಸಿದೆ, ಸುಳ್ಳು ಹೇಳಿದೆ." 'ಸುಳ್ಳು' ಬೇಡ, 'ತಪ್ಪಾಯಿತು' ಎಂದು ಬರೆಯೋಣ ಎಂದೆ. "ಬೇಡ. ತಪ್ಪು ಬೇರೆ, ಇದು ಬೇರೆ" ಎಂದು ಸಹಿ ಹಾಕಿದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಅವನಿಗೆ ನೀನೇ ಹೇಳು. ನಾನು ಫೋನ್ ಮಾಡಿದ್ರೆ ದನಿ ಕೇಳಿ ಇಟ್ಬಿಡ್ತಾನೆ. ನಾನು ಸತ್ತ ಮೇಲೆ ಗೊತ್ತಾದ್ರೆ ಅವನು ಯಾರನ್ನ ಬೈಬೇಕು? ಬೇಗ ಹೇಳು. ನನಗೆ ಅದು ಮರೆತುಹೋದ ಮೇಲೆ ಅವನು ಬೈದ್ರೆ ಏನು ಬಂತು?"

ಅದು ಸೋಮವಾರ. ಆ ದಿನ ನಾನು ಫೋನ್ ಮಾಡಲಿಲ್ಲ. ಮಂಗಳವಾರವೂ ಮಾಡಲಿಲ್ಲ. ಪಕ್ಕದ ಮನೆಯ ಪರವಾಗಿ ಮೂಗು ತೂರಿಸಿದ್ದಕ್ಕೆ ಮಾಲೀಕರು ಸಿಟ್ಟಾದರೆ? ಮನೆ ಬಿಡಿ ಎಂದರೆ ಈ ಮಗು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ಎಪ್ಪತ್ತೆಂಟು ವರ್ಷದವರು, ಕೇಳಿ ಎದೆ ನೋವು ಬಂದರೆ? ಅವರ ಊರಿನಲ್ಲಿ ಆಂಬುಲೆನ್ಸಿಗೆ ನಂಬರು ಸರಿಯಾಗಿ ಸಿಗುತ್ತದೋ ಇಲ್ಲವೋ? ಗಂಡನಿಗೆ ಹೇಳಿದೆ. "ಅರ್ಜಿಗೆ ಸಹಿ ಬೇಕು ಅಂತ ಮಾತ್ರ ಕೇಳು. ಉಳಿದಿದ್ದು ಅವರವರ ಮನೆ ವಿಷಯ" ಎಂದ. ಅವನ ಮಾತೂ ಸರಿಯೇ. ಆದರೆ ಆ ಕಾಗದದ ಮೂರು ಸಾಲಿನಲ್ಲಿ ಬರೀ ಸಹಿ ಕೇಳುವಂಥದ್ದು ಯಾವುದೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಗೋಡೆಯ ಮೇಲೆ ಪೈಪು ಬಂತು. ಆದರೆ ನೀರು ಬರಲಿಲ್ಲ. ಇಣುಕಿ ನೋಡಿದೆ. ಪೈಪಿನ ಆ ತುದಿಯನ್ನು ನಲ್ಲಿಗೆ ಸಿಕ್ಕಿಸಲು ಮರೆತಿದ್ದಳು. ನಲ್ಲಿ ತನ್ನ ಪಾಡಿಗೆ ಸುರಿಯುತ್ತಿತ್ತು, ನಂಬರಕ್ಕ ಅದರ ಪಕ್ಕದಲ್ಲೇ ಕೈಕಟ್ಟಿ ನಿಂತು, ಯಾವುದೋ ಕೆಲಸ ಮುಗಿಸಿದವಳ ಹಾಗೆ, ಗೋಡೆಯನ್ನು ನೋಡುತ್ತಿದ್ದಳು.

ನಾನು ಒಳಗೆ ಬಂದೆ. ಮಗಳನ್ನು ಸೊಂಟಕ್ಕೇರಿಸಿಕೊಂಡು, ಕಾಗದವನ್ನು ಕಿಟಕಿಯ ಕಟ್ಟೆಯ ಮೇಲೆ ಬಿಡಿಸಿಟ್ಟು, ನಂಬರು ಒತ್ತಿದೆ. ನಾಲ್ಕು ಸಲ ಗಂಟೆಯಾಯಿತು. ಇಡೋಣ ಎಂದುಕೊಳ್ಳುವಷ್ಟರಲ್ಲಿ ಎತ್ತಿದರು.

"ಯಾರು?"

"ನಾನು ನಾನೂರ ಹದಿನೇಳರಿಂದ. ನಿಮ್ಮ ಬಾಡಿಗೆಯವಳು."

"ನಲ್ಲಿ ಕೆಟ್ಟಿದೆಯಾ?"

"ಇಲ್ಲ. ಪಕ್ಕದ ಮನೆಯವರು..." ಎಂದು ಶುರುಮಾಡಿದವಳು ನಿಲ್ಲಿಸಿದೆ. "ನಿಮ್ಮ ಅಕ್ಕ ಒಂದು ಕಾಗದ ಬರೆಸಿದ್ದಾರೆ. ಓದ್ತೀನಿ. ದಯವಿಟ್ಟು ಇಡ್ಬೇಡಿ, ಮೂರೇ ಸಾಲು."

ಅವರು ಇಡಲಿಲ್ಲ. ನಾನು ಓದಿದೆ. ಕೊನೆಯ ಎರಡು ಪದಗಳನ್ನೂ ಬಿಡದೆ ಓದಿದೆ. ಆ ಕಡೆ ಎಲ್ಲೋ ರೇಡಿಯೋ ಹಾಡುತ್ತಿತ್ತು, ಯಾರೋ ಅದನ್ನು ನಿಲ್ಲಿಸಿದರು. ಆಮೇಲೆ ಬರೀ ಉಸಿರು ಕೇಳಿಸಿತು. ನನಗೆ ಉಸಿರು ಎಣಿಸುವುದು ರೂಢಿ, ಎಣಿಸುತ್ತ ನಿಂತೆ.

"ಎಷ್ಟರವರೆಗೆ ಎಣಿಸಿದೆ ಅಂತಾಳೆ?"

"ನೂರ ಹತ್ತು."

"ಇಲ್ಲ" ಎಂದರು. "ನೂರ ಮೂವತ್ತು. ನಾನು ಒಳಗಿಂದ ಎಣಿಸ್ತಿದ್ದೆ. ಅವಳು ಚಿಕ್ಕಂದಿನಿಂದ್ಲೂ ನಿಧಾನ."

ಮಗಳು ಫೋನಿಗೆ ಕೈ ಚಾಚಿದಳು. ನಾನು ಅವಳ ಬೆರಳು ಬಿಡಿಸುತ್ತಿರುವಾಗ ಅವರು ಕೇಳಿದರು, "ಇದಾಳಾ ಅಲ್ಲಿ?"

"ಹಿತ್ತಿಲಲ್ಲಿದ್ದಾರೆ" ಎಂದೆ. ಫೋನನ್ನು ಕಿವಿಗೊತ್ತಿಕೊಂಡೇ ಗೋಡೆಯ ಕಡೆ ನಡೆದೆ.